ಬಟ್ಟೆಗಾಡಿಯಲ್ಲಿ ಬಂದ ಸಮನ್ಸ್

ನನ್ನ ಬಲಗೈಯಲ್ಲಿ ಈಗ ಉಳಿದಿರುವುದು ಒಂದೂವರೆ ಬೆರಳು. ಹೆಬ್ಬೆರಳು ಪೂರ್ತಿ ಇದೆ, ತೋರುಬೆರಳು ಅರ್ಧ ಇದೆ. ಮಿಕ್ಕದ್ದನ್ನು ಲಾಂಡ್ರಿಯ ರೋಲರ್ ತಿಂದಿತು.

ಆ ಲಾಂಡ್ರಿಯಲ್ಲಿ ನಾನು ಹನ್ನೊಂದು ವರ್ಷ ದುಡಿದೆ. ಹೋಟೆಲುಗಳ ಚಾದರ, ಆಸ್ಪತ್ರೆಯ ರಕ್ತ ಹತ್ತಿದ ಬಟ್ಟೆ, ಕ್ಲಬ್ಬಿನ ಟವೆಲು, ದೊಡ್ಡ ಮನೆಗಳ ಅಂಗಿ, ಎಲ್ಲವೂ ಅಲ್ಲಿಗೇ ಬರುತ್ತಿದ್ದವು. ಒದ್ದೆ ಚಾದರವನ್ನು ಇಬ್ಬರು ಎರಡು ತುದಿ ಹಿಡಿದು ಬಿಸಿ ರೋಲರಿನ ಬಾಯಿಗೆ ಕೊಡಬೇಕು, ಅದು ಎಳೆದುಕೊಳ್ಳುತ್ತದೆ. ಕೈ ಒಳಗೆ ಹೋಗದಿರಲೆಂದು ಆ ಬಾಯಿಗೆ ಅಡ್ಡವಾಗಿ ಒಂದು ಕಂಬಿ ಇತ್ತು. ಕಂಬಿ ಇದ್ದರೆ ಕೆಲಸ ಸಾಗುವುದಿಲ್ಲ ಎಂದು ಯಜಮಾನ ಅದನ್ನು ಬಿಚ್ಚಿಸಿದ. ಬಿಚ್ಚಿದ ಕಂಬಿಯನ್ನು ಹಿಂಬಾಗಿಲು ಗಾಳಿಗೆ ಬಡಿಯದಿರಲಿ ಎಂದು ಅಲ್ಲಿ ಒರಗಿಸಿಟ್ಟರು. ಬೇಸಿಗೆಯ ಒಂದು ಮಧ್ಯಾಹ್ನ ಚಾದರದ ಅಂಚಿನ ಜೊತೆ ನನ್ನ ಕೈಯೂ ಹೋಯಿತು. ಆ ಚಾದರದ ಇನ್ನೊಂದು ತುದಿ ಹಿಡಿದಿದ್ದವಳು ನನ್ನ ನಾದಿನಿ. ಅವಳು ಕಿರುಚಿಕೊಂಡು ಓಡಿಹೋಗಿ ಮೆಷಿನ್ ನಿಲ್ಲಿಸಿದಳು.

ಮೇಸ್ತ್ರಿ ನನ್ನನ್ನು ಬಟ್ಟೆಯ ವ್ಯಾನಿನಲ್ಲಿ, ಕೊಳೆ ಬಟ್ಟೆಯ ಗಂಟುಗಳ ಮೇಲೆ ಮಲಗಿಸಿ ಆಸ್ಪತ್ರೆಗೆ ಒಯ್ದ. ಮನೆಯಲ್ಲಿ ಕುದಿಯುವ ನೀರು ಚೆಲ್ಲಿಕೊಂಡಳು ಎಂದು ಬರೆಸಿದ. ಕುದಿಯುವ ನೀರು ಬೆರಳನ್ನು ಹೇಗೆ ಕಿತ್ತಿತು ಎಂದು ಅಲ್ಲಿ ಯಾರೂ ಕೇಳಲಿಲ್ಲ. ನನಗೆ ಮಾತಾಡುವ ಸ್ಥಿತಿ ಇರಲಿಲ್ಲ. ನಾದಿನಿ ಬಾಯಿ ತೆರೆಯುವ ಮೊದಲೇ ಮೇಸ್ತ್ರಿ ಅವಳನ್ನು ಪಕ್ಕಕ್ಕೆ ಕರೆದು, ನಿನಗೂ ಕೆಲಸ ಬೇಡವಾ ಎಂದು ಕೇಳಿದನಂತೆ. ನನ್ನ ಗಂಡ ಸತ್ತು ಆರು ವರ್ಷವಾಗಿದೆ. ಮನೆಯಲ್ಲಿ ದುಡಿಯುವ ಕೈ ನಮ್ಮಿಬ್ಬರದೇ. ಅದರಲ್ಲಿ ಒಂದು ಅವತ್ತೇ ಹೋಗಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

ಮೂರು ತಿಂಗಳ ನಂತರ ಕೈಗೆ ಬಟ್ಟೆ ಸುತ್ತಿಕೊಂಡು ಲಾಂಡ್ರಿಗೆ ಹೋದೆ. ಕಾವಲಿನವನು ಗೇಟು ತೆಗೆಯಲಿಲ್ಲ. ದಿನಾ ಬೆಳಿಗ್ಗೆ ನನ್ನ ಹತ್ತಿರ ಬೆಂಕಿಪೊಟ್ಟಣ ಕೇಳುತ್ತಿದ್ದವನು ನನ್ನ ಮುಖ ನೋಡದೆ, ನಿಮ್ಮ ಹೆಸರಿನವರು ಇಲ್ಲಿ ಯಾರೂ ಕೆಲಸ ಮಾಡಿಲ್ಲವಂತೆ ಎಂದ. ಆಮೇಲೆ ವಕೀಲಮ್ಮನ ಹತ್ತಿರ ಹೋದೆ. ಅವರು ನೋಟಿಸು ಕಳಿಸಿದರು. ಅದಕ್ಕೆ ಯಜಮಾನನ ಕಡೆಯಿಂದ ಉತ್ತರ ಬಂತು. ವಕೀಲಮ್ಮ ಓದಿದರು. ಸದರಿ ಹೆಂಗಸು ನಮ್ಮ ಸಂಸ್ಥೆಯಲ್ಲಿ ಎಂದೂ ಕೆಲಸ ಮಾಡಿರುವುದಿಲ್ಲ, ಆಕೆ ಯಾರೆಂಬುದೇ ನಮಗೆ ತಿಳಿದಿರುವುದಿಲ್ಲ.

ಇನ್ನೊಂದು ಸಲ ಓದಿ ಎಂದೆ. ಅವರು ಓದಿದರು. ಕೈ ರೋಲರಿಗೆ ಸಿಕ್ಕಾಗಲೂ ನನ್ನ ಮೈ ಅಷ್ಟು ಉರಿದಿರಲಿಲ್ಲ.

ಯಾರೆಂದು ಗೊತ್ತಿಲ್ಲವಂತೆ. ರೋಲರಿಗೆ ಹಾಕುವ ಮೊದಲು ಏಳು ವರ್ಷ ಅವನ ಸ್ವಂತ ಅಂಗಿಗಳಿಗೆ ಇಸ್ತ್ರಿ ಮಾಡಿದವಳು ನಾನು. ಬಿಳಿ ಅಂಗಿ, ಪ್ರತಿ ತೋಳಿನ ತುದಿಯಲ್ಲಿ ಎರಡೆರಡು ಗುಂಡಿ. ಒಂದು ಸುಕ್ಕು ಕಂಡರೆ ಅಂಗಿಯನ್ನು ಮುದ್ದೆ ಮಾಡಿ ನನ್ನ ಮುಖಕ್ಕೆ ಎಸೆಯುತ್ತಿದ್ದ. ಒಂದು ದಿನ ಬೆನ್ನಿನ ಮೇಲೆ ಒಂದು ಗೆರೆ ಉಳಿಯಿತೆಂದು ಎಲ್ಲ ಮೆಷಿನ್ನುಗಳನ್ನು ನಿಲ್ಲಿಸಿ, ಎಲ್ಲರನ್ನೂ ಸುತ್ತ ಕರೆದು, ಅದೇ ಅಂಗಿಗೆ ನನ್ನಿಂದ ಏಳು ಸಲ ಇಸ್ತ್ರಿ ಮಾಡಿಸಿದ. ಪ್ರತಿ ಸಲ ಇಸ್ತ್ರಿಯಾದ ಮೇಲೆ ತಾನೇ ಹಿಂಡಿ ಮುದ್ದೆ ಮಾಡಿ ಮತ್ತೆ ಕೊಡುತ್ತಿದ್ದ. ಐದನೆಯ ಸಲಕ್ಕೆ ನನ್ನ ಕಣ್ಣೀರು ಅಂಗಿಯ ಮೇಲೆ ಬಿತ್ತು. ಕಲೆಯಾಯಿತು ನೋಡು ಎಂದು ಅದಕ್ಕೂ ಬೈದ. ಅಂಥವನಿಗೆ ನಾನು ಯಾರೆಂದು ಗೊತ್ತಿಲ್ಲ.

ಅವನು ಕೋರ್ಟಿಗೆ ಬಂದು, ಇವಳು ನನ್ನ ಹತ್ತಿರ ದುಡಿದವಳು ಎಂದು ಒಪ್ಪಬೇಕು. ನನಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟೇ ಎಂದರೆ ಸುಳ್ಳಾಗುತ್ತದೆ. ನಾಲ್ಕು ಜನರ ಎದುರಿಗೆ ಅವನ ಮುಖ ಇಳಿಯುವುದನ್ನು ಕಣ್ಣಾರೆ ನೋಡಬೇಕು ಎಂದೂ ಇತ್ತು. ಅದನ್ನೇಕೆ ಮುಚ್ಚಿಡಲಿ.

ವಕೀಲಮ್ಮ ಕೇಸು ಹಾಕಿದರು. ಕೋರ್ಟು ಸಮನ್ಸ್ ಹೊರಡಿಸಿತು. ಅವನ ಕೈಗೆ ಆ ಕಾಗದ ಮುಟ್ಟಿದರೆ ತಾನೇ ಕೇಸು ಮುಂದಕ್ಕೆ ಹೋಗುವುದು. ಕೋರ್ಟಿನ ಅಮೀನ ಕಾಗದ ಹಿಡಿದು ಮೂರು ಸಲ ಹೋಗಿ ಮೂರು ಸಲವೂ ವಾಪಸು ತಂದ. ಮೊದಲ ಸಲ ಬಾಗಿಲಿಗೆ ಬೀಗವಿತ್ತು ಎಂದು ಬರೆದ. ಎರಡನೆಯ ಸಲ ಯಜಮಾನರು ಊರಿನಲ್ಲಿಲ್ಲ ಎಂದು ಬರೆದ. ಮೂರನೆಯ ಸಲ ಈ ವಿಳಾಸದಲ್ಲಿ ಇಂಥವರು ವಾಸವಿಲ್ಲ ಎಂದು ಬರೆದ. ಆ ಅಮೀನನ ಅಂಗಿಗಳು ಯಾವ ಲಾಂಡ್ರಿಯಲ್ಲಿ ಪುಕ್ಕಟೆ ಮಿಂಚುತ್ತವೆ ಎಂದು ನಾದಿನಿ ಆ ವಾರವೇ ನನಗೆ ಹೇಳಿದ್ದಳು.

ನ್ಯಾಯಾಧೀಶರಿಗೂ ಸಾಕಾಯಿತು. ಇದು ಕೊನೆಯ ಅವಕಾಶ, ಬೇಕಾದರೆ ನೀವೇ ಸಮನ್ಸನ್ನು ಕೈಯಾರೆ ಮುಟ್ಟಿಸಿ, ಇಬ್ಬರು ಸಾಕ್ಷಿಗಳ ಸಹಿ ತನ್ನಿ, ಐದು ವಾರದಲ್ಲಿ ಆಗದಿದ್ದರೆ ಕೇಸು ವಜಾ ಎಂದರು. ಹೊರಗೆ ಬಂದ ಮೇಲೆ ವಕೀಲಮ್ಮ ನಿಟ್ಟುಸಿರು ಬಿಟ್ಟು, ಅವನು ಎಲ್ಲಿ ಅಡಗಿದ್ದಾನೆ ಎಂದು ಹುಡುಕುವುದು ನಿಮ್ಮಿಂದಲೂ ಆಗದು, ನನ್ನಿಂದಲೂ ಆಗದು, ಒಬ್ಬ ಪತ್ತೇದಾರನನ್ನು ಹಿಡಿಯೋಣ ಎಂದರು.

ಪತ್ತೇದಾರನ ಆಫೀಸು ಸೈಕಲ್ ರಿಪೇರಿ ಅಂಗಡಿಯ ಮೇಲಿತ್ತು. ಮದುವೆಗೆ ಮುಂಚೆ, ಮದುವೆಯ ನಂತರ, ಗುಟ್ಟಾಗಿ ವಿಚಾರಿಸಿ ಕೊಡಲಾಗುವುದು ಎಂಬ ಬೋರ್ಡು. ಒಳಗೆ ಒಂದು ಮೇಜು, ಒಂದು ಫ್ಯಾನು, ನಲವತ್ತರ ಆಸುಪಾಸಿನ ಒಬ್ಬ ಗಂಡಸು. ಅಂಗಿಗೆ ಗಂಜಿ ಹೆಚ್ಚಾಗಿತ್ತು. ನನ್ನ ಕಣ್ಣು ಮೊದಲು ಹೋಗುವುದೇ ಅಲ್ಲಿಗೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಗಂಡ ಯಾರ ಜೊತೆ ಓಡಿಹೋದ ಎಂದು ಕೇಳಿದ. ಗಂಡ ಸತ್ತಿದ್ದಾನೆ, ಸತ್ತವನ ಹಿಂದೆ ನೀವೇನೂ ಹೋಗಬೇಕಾಗಿಲ್ಲ ಎಂದೆ. ಆಮೇಲೆ ಕೈಯನ್ನು ಮೇಜಿನ ಮೇಲಿಟ್ಟೆ. ಅವನು ಎದ್ದು ಫ್ಯಾನು ಜೋರು ಮಾಡಿ, ಕುರ್ಚಿ ಎಳೆದು ಕೊಟ್ಟು, ಅಕ್ಕಾ ಎಂದು ಮಾತು ಶುರು ಮಾಡಿದ.

ಯಜಮಾನನ ಫೋಟೋ ಇದೆಯೇ ಎಂದು ಕೇಳಿದ. ಇಲ್ಲ ಎಂದೆ.

"ಹನ್ನೊಂದು ವರ್ಷ ಕೆಲಸ ಮಾಡಿದ್ದೀರಿ, ಒಂದು ಫೋಟೋ ಇಲ್ವಾ ಅಕ್ಕ?"

"ನಂದೇ ಇಲ್ಲ. ಅವರದ್ದು ಎಲ್ಲಿಂದ ತರಲಿ?"

ಅವನು ತನ್ನ ಕೆಲಸ ತನಗೆ ಗೊತ್ತು, ಹತ್ತು ದಿನ ಸಾಕು ಎಂದ. ಹತ್ತು ದಿನ ಯಜಮಾನನ ಮನೆಯ ಎದುರು, ಲಾಂಡ್ರಿಯ ಎದುರು, ಕಾರಿನ ಹಿಂದೆ ಮೋಟಾರ್ ಸೈಕಲಿನಲ್ಲಿ ಸುತ್ತಿದ. ಹನ್ನೊಂದನೆಯ ದಿನ ಗೆದ್ದವನ ಹಾಗೆ ನಮ್ಮ ಮನೆಗೇ ಬಂದ. ಫೋನಿನಲ್ಲಿ ಒಂದು ಫೋಟೋ ತೋರಿಸಿದ. ಕಾರಿನಿಂದ ಇಳಿಯುತ್ತಿರುವ ಗಂಡಸು, ದಪ್ಪ ಮೀಸೆ, ಬಿಳಿ ಅಂಗಿ. ನಾಳೆ ಬೆಳಿಗ್ಗೆ ಸಮನ್ಸ್ ಕೊಟ್ಟುಬಿಡೋಣ ಎಂದ.

ನಾನು ಮುಖ ನೋಡಲಿಲ್ಲ. ತೋಳಿನ ತುದಿ ನೋಡಿದೆ. ಒಂದೇ ಗುಂಡಿ.

"ಇದು ಅವನ ತಮ್ಮ. ಯಜಮಾನನ ಅಂಗಿಗೆ ಎರಡು ಗುಂಡಿ ಇರುತ್ತೆ."

ಪತ್ತೇದಾರ ನಂಬಲಿಲ್ಲ. ಮುಖ ಸರಿಯಾಗಿ ನೋಡಿ ಹೇಳಿ ಎಂದ. ಅವನಿಗೆ ಹೇಗೆ ಹೇಳುವುದು. ಲಾಂಡ್ರಿಯಲ್ಲಿ ಯಜಮಾನ ಎದುರಿಗೆ ಬಂದರೆ ನಾವು ತಲೆಯೆತ್ತುವ ಹಾಗಿರಲಿಲ್ಲ. ಏನೇ ಅದು ನೋಡ್ತೀಯ, ಕೈ ನೋಡ್ಕೊಂಡು ಕೆಲಸ ಮಾಡು ಎಂಬ ಬೈಗುಳ ಬೀಳುತ್ತಿತ್ತು. ಅಣ್ಣ ತಮ್ಮ ಇಬ್ಬರ ಮುಖವೂ ನಮಗೆ ಒಂದೇ. ಅಂಗಿಯಾದರೆ ಹಾಗಲ್ಲ. ಯಾರು ಎಲ್ಲಿ ಬೆವರುತ್ತಾರೆ, ಯಾರ ಕಾಲರು ಯಾವ ಕಡೆ ಸವೆಯುತ್ತದೆ, ಯಾರ ಜೇಬಿನಲ್ಲಿ ಯಾವ ಕಲೆ, ಎಲ್ಲ ನಮಗೆ ಬಾಯಿಪಾಠ. ನಾದಿನಿ ಒಳಗಿನಿಂದ ಬಂದು ಫೋಟೋ ನೋಡಿ, ಹೌದು ಅತ್ತಿಗೆ, ಇದು ಚಿಕ್ಕ ಯಜಮಾನರ ಅಂಗಿ ಎಂದಳು. ಪತ್ತೇದಾರನ ಮುಖ ಹಿಂಡಿದ ಬಟ್ಟೆಯಾಯಿತು.

ಆಗ ನನಗೆ ಹೊಳೆಯಿತು. ನಾದಿನಿಯನ್ನು ಕೇಳಿದೆ, ಯಜಮಾನನ ಅಂಗಿಗಳು ಈಗಲೂ ತೊಳೆಯುವುದಕ್ಕೆ ಬರುತ್ತಿವೆಯೇ ಎಂದು. ನನ್ನ ಕೈ ಹೋದ ಮೇಲೆ ಅವಳು ರೋಲರಿನ ಹತ್ತಿರ ನಿಲ್ಲಲಾರೆ ಎಂದು ಅತ್ತು ಕರೆದು, ಬಟ್ಟೆ ಬೇರ್ಪಡಿಸುವ ಕೆಲಸಕ್ಕೆ ಹಾಕಿಸಿಕೊಂಡಿದ್ದಳು. ಬರುವ ಪ್ರತಿ ಗಂಟೂ ಅವಳ ಕೈಯಲ್ಲೇ ಬಿಚ್ಚಬೇಕು. ಅವಳು ಯೋಚಿಸಿ, ಎರಡು ತಿಂಗಳಿಂದ ಮನೆಯ ಗಂಟಿನಲ್ಲಿ ಅವರ ಅಂಗಿ ಬಂದಿಲ್ಲ, ಹೆಂಡತಿ ಮಕ್ಕಳದ್ದು ಮಾತ್ರ ಬರುತ್ತಿದೆ ಎಂದಳು. ಹಾಗಾದರೆ ಬೇರೆ ಗಂಟುಗಳಲ್ಲಿ ನೋಡು ಎಂದೆ.

ನಮ್ಮ ಲಾಂಡ್ರಿಯಲ್ಲಿ ಒಂದೊಂದು ಮನೆಯ ಬಟ್ಟೆಗೂ ಒಂದೊಂದು ಗುರುತು. ಕಾಲರಿನ ಒಳಗೆ ಬಣ್ಣದ ದಾರದಲ್ಲಿ ಹೊಲಿಗೆ ಹಾಕುತ್ತಾರೆ. ಹೊರಗೆ ಕಾಣುವುದಿಲ್ಲ, ತೊಟ್ಟವನಿಗೂ ಗೊತ್ತಾಗುವುದಿಲ್ಲ. ಯಜಮಾನನದು ಕೆಂಪು ದಾರ, ಏಳು ಹೊಲಿಗೆ, ಏಳನೆಯದು ಅಡ್ಡ. ಆ ಏಳು ಹೊಲಿಗೆಗಳನ್ನು ಹಾಕಿದ್ದವಳು ನಾನು, ಈ ಬಲಗೈಯಲ್ಲಿ, ಇದರಲ್ಲಿ ಐದು ಬೆರಳಿದ್ದ ಕಾಲದಲ್ಲಿ.

ಮೂರನೆಯ ದಿನ ನಾದಿನಿ ಕೆಲಸದಿಂದ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು.

"ಸಿಕ್ತು ಅತ್ತಿಗೆ. ಕ್ಲಬ್ಬಿನ ಗಂಟಲ್ಲಿ ನಾಲ್ಕು ಅಂಗಿ. ಕೆಂಪು ದಾರ, ಏಳು ಹೊಲಿಗೆ. ಒಂಬತ್ತನೇ ರೂಮು ಅಂತ ಚೀಟಿ ಸಿಕ್ಕಿಸಿತ್ತು."

ಕ್ಲಬ್ಬು ದೊಡ್ಡವರದ್ದು. ಒಳಗೆ ಉಳಿದುಕೊಳ್ಳಲು ಕೋಣೆಗಳಿವೆ. ಯಜಮಾನ ಮನೆ ಬದಲಾಯಿಸಿದ, ಕಾರು ಬದಲಾಯಿಸಿದ, ಫೋನು ಬದಲಾಯಿಸಿದ. ಅಂಗಿಯನ್ನು ಮಾತ್ರ ತನ್ನದೇ ಲಾಂಡ್ರಿಗೆ ಕಳಿಸಿದ. ಬೇರೆಯವರ ಇಸ್ತ್ರಿ ಅವನಿಗೆ ಹಿಡಿಸುವುದಿಲ್ಲ. ಕೊಳೆ ಬಟ್ಟೆಯ ಗಂಟು ಬಿಚ್ಚುವವರಿಗೆ ಕಣ್ಣಿರುತ್ತದೆ ಎಂದು ಅವನ ತಲೆಗೆ ಹೊಳೆದೇ ಇರಲಿಲ್ಲ. ಅವತ್ತು ನಾನು ಹೊಟ್ಟೆ ತುಂಬ ಉಂಡೆ.

ಪತ್ತೇದಾರ ಮಾರನೆಯ ದಿನವೇ ಟೈ ಕಟ್ಟಿಕೊಂಡು ಕ್ಲಬ್ಬಿನ ಮುಂಬಾಗಿಲಿಗೆ ಹೋದ. ಸದಸ್ಯರಿಗೆ ಮಾತ್ರ ಎಂದು ಕಾವಲಿನವನು ಅವನನ್ನು ಮೆಟ್ಟಿಲು ಹತ್ತಲೂ ಬಿಡಲಿಲ್ಲ. ಪೆಚ್ಚುಮೋರೆ ಹಾಕಿಕೊಂಡು ಬಂದು, ಒಳಗೆ ಹೋಗುವ ದಾರಿಯೇ ಇಲ್ಲ ಎಂದ. ದಾರಿ ಇಲ್ಲದೆ ಏನು, ವಾರಕ್ಕೆರಡು ಸಲ ಲಾಂಡ್ರಿಯವರು ಅದೇ ಕ್ಲಬ್ಬಿನ ಹಿಂಬಾಗಿಲಿನಲ್ಲಿ ಗಾಡಿ ತಳ್ಳಿಕೊಂಡು ಹೋಗುತ್ತಾರೆ ಎಂದೆ. ನೀವು ಟೈ ಬಿಚ್ಚಿಡಿ, ಲಾಂಡ್ರಿಯ ನೀಲಿ ಕೋಟು ಹಾಕಿಕೊಳ್ಳಿ, ಟವೆಲಿನ ಗಂಟು ಹೊರಿ. ಅವನು ಟೈ ಸರಿಮಾಡಿಕೊಂಡು, ನಾನು ಡಿಗ್ರಿ ಮಾಡಿದವನು ಅಕ್ಕ ಎಂದ. ಗಂಟಿಗೆ ಅದೆಲ್ಲ ಗೊತ್ತಾಗುವುದಿಲ್ಲ ಎಂದೆ.

ವ್ಯಾನಿನ ಡ್ರೈವರು ನಾದಿನಿಯ ಮಾತಿಗೆ ಒಪ್ಪಿದ. ಪತ್ತೇದಾರನ ಜೊತೆ ಎರಡನೆಯ ಸಾಕ್ಷಿಯಾಗಿ ತಾನೇ ಸಹಿ ಹಾಕುತ್ತೇನೆ ಎಂದೂ ಹೇಳಿದ. ವಕೀಲಮ್ಮ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದರು. ಮುಟ್ಟಬೇಡಿ, ಬೈಯಬೇಡಿ, ಕಾಗದ ಕೈಗೆ ಕೊಡಿ, ತೆಗೆದುಕೊಳ್ಳದಿದ್ದರೆ ಎದುರಿಗಿಟ್ಟು ಸಾಕ್ಷಿಗಳ ಸಹಿ ಮಾಡಿಸಿಕೊಂಡು ಬಂದುಬಿಡಿ. ಸರಿ ಎಂದೆ. ಕೋಣೆಯಲ್ಲಿ ಒಬ್ಬನೇ ಇದ್ದಾಗ ಕೊಡುವುದು ಸುಲಭ ಎಂದು ಪತ್ತೇದಾರ ಹೇಳಿದ. ಅದಕ್ಕೆ ನಾನು ಒಪ್ಪಲಿಲ್ಲ. ಯಜಮಾನ ದಿನಾ ಹತ್ತು ಗಂಟೆಗೆ ಹಿಂದಿನ ಜಗಲಿಯಲ್ಲಿ ಗೆಳೆಯರ ಜೊತೆ ಇಸ್ಪೀಟಾಡುತ್ತಾನೆ ಎಂದು ಕ್ಲಬ್ಬಿನ ಕಸ ಗುಡಿಸುವವಳು ನಾದಿನಿಗೆ ಹೇಳಿದ್ದಳು. ನನಗೆ ಆ ಜಗಲಿ ಬೇಕಿತ್ತು. ನಮ್ಮೆಲ್ಲರನ್ನೂ ಸುತ್ತ ನಿಲ್ಲಿಸಿಕೊಂಡು ನನಗೆ ಮಾಡಿದ್ದನ್ನು ಅವನಿಗೆ ಒಂದು ಕೋಣೆಯೊಳಗೆ ಗುಟ್ಟಾಗಿ ತೀರಿಸುವುದಕ್ಕೆ ನನಗೆ ಮನಸ್ಸಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ವ್ಯಾನು ಕ್ಲಬ್ಬಿನ ಹಿಂಬಾಗಿಲಿಗೆ ನಿಂತಿತು. ಬಟ್ಟೆಗಾಡಿಯ ಒಂದು ಕಡೆ ನಾದಿನಿ ಹಿಡಿದಳು, ಇನ್ನೊಂದು ಕಡೆ ನಾನು ಎಡಗೈಯಲ್ಲಿ ಹಿಡಿದೆ. ಸಮನ್ಸು ಟವೆಲುಗಳ ಮಧ್ಯೆ ಇತ್ತು. ಡ್ರೈವರು ದಾರಿ ತೋರಿಸುತ್ತ ಮುಂದೆ ನಡೆದ. ಪತ್ತೇದಾರ ಹೆಗಲ ಮೇಲೆ ಗಂಟು ಹೊತ್ತುಕೊಂಡು ಹಿಂದೆ ಬಂದ. ನಾಲ್ಕು ಹೆಜ್ಜೆಗೆ ಅವನ ಕುತ್ತಿಗೆ ವಾಲಿತು. ಅಡುಗೆಮನೆಯ ಬಳಿ ಒಬ್ಬ ಮೇಲ್ವಿಚಾರಕ, ಏಯ್ ಎತ್ತು, ನೆಲಕ್ಕೆ ತಾಗಿಸಬೇಡ, ಗೋಡೆ ಬದಿಗೆ ನಡಿ ಎಂದು ಗದರಿದ. ಪತ್ತೇದಾರ ಗೋಡೆಯ ಬದಿಗೆ ಸರಿದ. ಅವನ ಕಿವಿ ಕೆಂಪಾಗಿತ್ತು. ದಾರಿಯಲ್ಲಿ ಹತ್ತು ಹನ್ನೆರಡು ಜನ ಎದುರಾದರು. ಒಬ್ಬರೂ ನಮ್ಮ ಮುಖ ನೋಡಲಿಲ್ಲ.

ಜಗಲಿಯ ಬಾಗಿಲಲ್ಲಿ ನಾದಿನಿ ಮತ್ತು ಡ್ರೈವರು ನಿಂತರು. ನಾನು ಗಾಡಿ ತಳ್ಳಿಕೊಂಡು, ಪತ್ತೇದಾರ ಗಂಟು ಹೊತ್ತುಕೊಂಡು ಒಳಗೆ ಹೋದೆವು. ಬೆತ್ತದ ಕುರ್ಚಿ, ದುಂಡು ಮೇಜು, ನಾಲ್ವರು ಗಂಡಸರು. ಅವನ ಬೆನ್ನು ನನ್ನ ಕಡೆಗಿತ್ತು. ಬಿಳಿ ಅಂಗಿ, ಎರಡು ಗುಂಡಿ. ನಾನು ಸುತ್ತು ಬಳಸಿ ಅವನ ಎದುರಿಗೆ ಬಂದು ನಿಂತೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅವನ ಮುಖವನ್ನು ನೆಟ್ಟಗೆ ನೋಡಿದೆ. ಮೂಗಿನ ಪಕ್ಕದಲ್ಲಿ ಒಂದು ನರೂಲಿ ಇತ್ತು. ನನಗೆ ಅದು ಗೊತ್ತೇ ಇರಲಿಲ್ಲ.

ಅವನಿಗೆ ನಾನು ಯಾರೆಂದು ಆ ಕ್ಷಣವೇ ಗೊತ್ತಾಯಿತು. ಕಣ್ಣು ನನ್ನ ಕೈಗೆ ಹೋಗಿ ತಟ್ಟನೆ ಇಸ್ಪೀಟಿಗೆ ಮರಳಿತು. ಅವನ ವಕೀಲರು ಅವನಿಗೂ ಪಾಠ ಹೇಳಿರಬೇಕು. ದನಿಯನ್ನು ಮೆತ್ತಗೆ ಮಾಡಿಕೊಂಡ.

"ಯಾರಮ್ಮ ನೀನು? ಯಾರು ಬೇಕಿತ್ತು?"

ಟವೆಲುಗಳ ನಡುವಿಂದ ಕವರು ತೆಗೆದೆ. ಎಡಗೈಯಲ್ಲಿ ಕೊಡಬಹುದಿತ್ತು. ಬೇಕೆಂದೇ ಬಲಗೈಯಲ್ಲಿ, ಹೆಬ್ಬೆರಳಿಗೂ ಅರ್ಧ ಬೆರಳಿಗೂ ಮಧ್ಯೆ ಸಿಕ್ಕಿಸಿ ಅವನ ಮುಖದ ಹತ್ತಿರ ಹಿಡಿದೆ. ಕೋರ್ಟಿನಿಂದ ಸಮನ್ಸು, ತೆಗೆದುಕೊಳ್ಳಿ ಎಂದೆ. ಅವನು ಕೈ ಚಾಚಲಿಲ್ಲ. ನೀನು ಯಾರೋ ನನಗೆ ಗೊತ್ತಿಲ್ಲ, ತಪ್ಪು ಜಾಗಕ್ಕೆ ಬಂದಿದ್ದೀಯ ಎಂದು ಹೇಳಿ, ಗೆಳೆಯರ ಕಡೆ ತಿರುಗಿ ನಕ್ಕ. ನಾನು ಕವರನ್ನು ಇಸ್ಪೀಟಿನ ಮೇಲೆ ಇಟ್ಟೆ. ಪತ್ತೇದಾರ ಗಂಟು ಇಳಿಸಿ, ಕೋಟಿನ ಜೇಬಿನಿಂದ ಡೈರಿ ತೆಗೆದು, ಕೇಸಿನ ನಂಬರು, ದಿನ, ಗಂಟೆ ಎಲ್ಲವನ್ನೂ ಜೋರಾಗಿ ಓದಿದ.

ಕೆಲಸ ಅಲ್ಲಿಗೆ ಮುಗಿದಿತ್ತು. ವಕೀಲಮ್ಮ ಹೇಳಿದ್ದು ಅಷ್ಟೇ. ಪತ್ತೇದಾರ ಕಣ್ಣಲ್ಲೇ ಹೋಗೋಣ ಎಂದ. ನನ್ನ ಕಾಲು ಏಳಲಿಲ್ಲ. ಇವನು ನಾಳೆ ಕೋರ್ಟಿಗೆ ಬಂದರೂ ಇದೇ ಮೆತ್ತನೆಯ ದನಿಯಲ್ಲಿ ಇದೇ ಮಾತು ಹೇಳುತ್ತಾನೆ. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿಲ್ಲ. ಲಾಂಡ್ರಿಯಲ್ಲಿ ಇರುವವರ ಬಾಯಿಗೆಲ್ಲ ಬೀಗ. ಯಾರು ನಂಬುತ್ತಾರೆ. ಆದರೆ ಹನ್ನೊಂದು ವರ್ಷ ಅವನ ಬೈಗುಳ ತಿಂದಿದ್ದೆ. ಅವನ ಸಿಟ್ಟು ಎಲ್ಲಿ ಕೂತಿರುತ್ತದೆ ಎಂದು ಅವನ ಹೆಂಡತಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು.

"ಗೊತ್ತಿಲ್ದಿದ್ರೆ ಬಿಡಿ," ಎಂದೆ. "ಆದ್ರೆ ನಿಮ್ಮ ಅಂಗಿಗೆ ಈಗ ಯಾರು ಇಸ್ತ್ರಿ ಮಾಡ್ತಿರೋದು? ಬೆನ್ನ ಮೇಲೆ ಎರಡು ಗೆರೆ ಬಿದ್ದಿದೆ."

ಬೆನ್ನ ಮೇಲೆ ಒಂದು ಗೆರೆಯೂ ಇರಲಿಲ್ಲ. ಒಪ್ಪವಾಗಿಯೇ ಇತ್ತು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ. ಅವನ ಕೈ ತಾನಾಗಿ ಬೆನ್ನಿಗೆ ಹೋಯಿತು. ಗೆಳೆಯನೊಬ್ಬ ಬಗ್ಗಿ ನೋಡಲು ಹೋದ.

"ನಾನಿದ್ದಾಗ ಇಂಥ ಅಂಗಿ ಹಾಕ್ಕೊಂಡು ಹೊರಗೆ ಬರ್ತಿರಲಿಲ್ಲ ನೀವು. ಒಂದು ಗೆರೆಗೆ ಏಳು ಸಲ ಇಸ್ತ್ರಿ ಮಾಡಿಸ್ತಿದ್ರಿ. ಪಾಪ, ಅಡಗಿ ಕೂತಿರೋರಿಗೆ ಒಳ್ಳೆ ಇಸ್ತ್ರಿ ಎಲ್ಲಿಂದ ಬರಬೇಕು?"

ಬಿಳಿ ಕೂದಲಿನ ಒಬ್ಬ ಮುದುಕ ಇಸ್ಪೀಟು ಕೆಳಗಿಟ್ಟು ನಕ್ಕ. ಮನೆಗೆ ಬಣ್ಣ ಹೊಡೆಸುತ್ತಿದ್ದೀನಿ ಎಂದಿದ್ದೆಯಲ್ಲಯ್ಯ, ಅಡಗಿ ಕೂತಿದ್ದೀಯಾ ಎಂದು ಕೇಳಿದ. ಉಳಿದಿಬ್ಬರೂ ನಕ್ಕರು. ಆ ನಗು ಯಜಮಾನನಿಗೆ ಚುಚ್ಚಿತು. ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದು ನಿಂತ. ಮೆತ್ತನೆಯ ದನಿ ಹೋಗಿ ಲಾಂಡ್ರಿಯ ದನಿ ಬಂತು.

"ಹನ್ನೊಂದು ವರ್ಷ ನನ್ನ ಅನ್ನ ತಿಂದು ನನ್ನೆದುರಿಗೇ ಬಾಯಿ ಮಾಡ್ತೀಯೇನೇ? ಇಸ್ತ್ರಿ ಪೆಟ್ಟಿಗೆ ಹಿಡಿಯೋಕೆ ಕಲಿಸಿದ್ದೇ ನನ್ನ ಲಾಂಡ್ರಿ. ಕಣ್ಣು ಎಲ್ಲೋ ಇಟ್ಕೊಂಡು ರೋಲರ್‌ಗೆ ಕೈ ಕೊಟ್ಟೋಳು ನೀನು. ಅದಕ್ಕೆ ನಾನು ಕೋರ್ಟಿಗೆ ಬರ್ಬೇಕಾ?"

ಹನ್ನೊಂದು ವರ್ಷ ಎಂದ. ನನ್ನ ಲಾಂಡ್ರಿ ಎಂದ. ರೋಲರ್ ಎಂದ. ಒಂದನ್ನೂ ನಾನು ಹೇಳಿಕೊಡಲಿಲ್ಲ.

ಮುದುಕನ ನಗು ಅರ್ಧಕ್ಕೆ ನಿಂತಿತು. ತಾನು ಏನು ಹೇಳಿಬಿಟ್ಟೆ ಎಂದು ಯಜಮಾನನಿಗೆ ತಿಳಿಯುವುದಕ್ಕೆ ಒಂದು ಗಳಿಗೆ ಹಿಡಿಯಿತು. ತಿಳಿದ ಮೇಲೆ ಅವನ ಮುಖ ಇಳಿಯಿತು. ಹಣೆಯಿಂದ ಶುರುವಾಗಿ ಗಲ್ಲದ ತನಕ ನಿಧಾನವಾಗಿ ಇಳಿಯಿತು. ನಾನು ಕಣ್ಣು ಮಿಟುಕಿಸದೆ ನೋಡಿದೆ. ಎಷ್ಟು ರುಚಿಯಾಗಿತ್ತೆಂದರೆ, ನನಗೆ ಒಂದು ಚೂರೂ ನಾಚಿಕೆಯಾಗಲಿಲ್ಲ.

ಬರೆದುಕೊಂಡಿರಾ ಎಂದು ಪತ್ತೇದಾರನನ್ನು ಕೇಳಿದೆ.

"ಬರ್ಕೊಂಡೆ ಅಕ್ಕ. ಅವರ ಮಾತಲ್ಲೇ ಬರ್ಕೊಂಡೆ. ಫೋನಲ್ಲೂ ರೆಕಾರ್ಡ್ ಆಗಿದೆ."

ಅವನು ತಾನು ಸಹಿ ಹಾಕಿ, ಎರಡನೆಯ ಸಾಕ್ಷಿಗಾಗಿ ಬಾಗಿಲ ಕಡೆ ನೋಡಿದ. ಡ್ರೈವರು ಇರಲಿಲ್ಲ. ಯಜಮಾನ ಎದ್ದು ನಿಂತಾಗಲೇ ಅವನು ವ್ಯಾನಿಗೆ ಓಡಿದ್ದ. ಪತ್ತೇದಾರ ಕಾಗದವನ್ನು ಆ ಮುದುಕನ ಮುಂದೆ ಹಿಡಿದ. ಮುದುಕ ಕನ್ನಡಕ ತೆಗೆದು ಒರೆಸತೊಡಗಿದ. ಉಳಿದಿಬ್ಬರೂ ಎದ್ದು ಒಳಗೆ ಹೋದರು. ಇದನ್ನೆಲ್ಲ ನೋಡಿ ಯಜಮಾನನಿಗೆ ಸ್ವಲ್ಪ ಉಸಿರು ಬಂತು. ಒಂದು ಸಹಿ ಇಟ್ಕೊಂಡು ಉಪ್ಪಿನಕಾಯಿ ಹಾಕ್ಕೊಳ್ಳಿ ಎಂದ.

ಆಗ ನಾದಿನಿ ಬಂದಳು. ಓಡಿಬರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ಜಗಲಿಯ ಉದ್ದಕ್ಕೂ ನಡೆದು ಬಂದಳು. ಬೇಡ ಕಣೇ, ನಿನ್ನ ಕೆಲಸ ಹೋಗುತ್ತೆ ಎಂದೆ. ಅವಳು ನನ್ನ ಕಡೆ ನೋಡಲಿಲ್ಲ. ಪತ್ತೇದಾರನ ಕೈಯಿಂದ ಪೆನ್ನು ತೆಗೆದುಕೊಂಡಳು.

"ಸಹಿ ಹಾಕಿದ್ರೆ ನಾಳೆಯಿಂದ ಲಾಂಡ್ರಿ ಕಡೆ ತಲೆ ಹಾಕ್ಬೇಡ," ಎಂದ ಯಜಮಾನ.

"ಹಾಕಲ್ಲ," ಎಂದಳು. "ಆ ಚಾದರದ ಇನ್ನೊಂದು ತುದಿ ಹಿಡ್ಕೊಂಡಿದ್ದೋಳು ನಾನು. ಕಂಬಿ ಬಿಚ್ಚಿಸಿದ್ದು ನೀವು. ಅದನ್ನೂ ಕೋರ್ಟಲ್ಲಿ ಹೇಳ್ತೀನಿ. ಇಷ್ಟು ದಿನ ಕೆಲಸ ಹೋಗುತ್ತೆ ಅಂತ ಸುಮ್ನಿದ್ದೆ. ಈಗ ನೀವೇ ಕಿತ್ತುಹಾಕಿದ್ರಿ, ಇನ್ನೇನು ಭಯ?"

ಅವಳು ಸಹಿ ಹಾಕಿದಳು. ಅವಳ ಅಕ್ಷರ ದೊಡ್ಡದು, ಗುಂಡಗೆ. ಕಾಗದದ ಅರ್ಧ ಜಾಗ ಹಿಡಿಯಿತು.

ಹೊರಗೆ ವ್ಯಾನು ಹೊರಟುಹೋಗಿತ್ತು. ಮೂವರೂ ನಡೆದೇ ಬಂದೆವು. ನಾದಿನಿ ಅರ್ಧ ದಾರಿಯವರೆಗೆ ಗಟ್ಟಿಯಾಗಿದ್ದು ಆಮೇಲೆ ರಸ್ತೆಯ ಬದಿಯಲ್ಲಿ ಕೂತು ಅತ್ತಳು. ಕೆಲಸ ಹೋಗಿದ್ದಕ್ಕಲ್ಲ ಅತ್ತಿಗೆ, ಆಸ್ಪತ್ರೆಯಲ್ಲಿ ಅವತ್ತೇ ಹೇಳಬೇಕಿತ್ತು ಎಂದಳು. ನಾನೂ ಪಕ್ಕದಲ್ಲಿ ಕೂತೆ. ಅವಳ ಮೇಲೆ ನನಗೆ ಸಿಟ್ಟಿರಲಿಲ್ಲ ಎಂದರೆ ಅದು ಸುಳ್ಳು. ಇತ್ತು. ಎಷ್ಟೋ ದಿನ ಅವಳು ಬಡಿಸಿದ್ದನ್ನು ಬಾಯಿ ಬಿಗಿದುಕೊಂಡು ಉಂಡಿದ್ದೆ. ಅವತ್ತು ಅದೆಲ್ಲ ಹೋಯಿತು. ಪತ್ತೇದಾರ ನಮ್ಮೆದುರು ನಿಂತು ಹೆಗಲು ತಿಕ್ಕಿಕೊಳ್ಳುತ್ತ, ಗಂಟು ಹೊತ್ತಿದ್ದನ್ನು ಮಾತ್ರ ಯಾರಿಗೂ ಹೇಳಬೇಡಿ ಅಕ್ಕ, ನನ್ನ ವ್ಯವಹಾರಕ್ಕೆ ಒಳ್ಳೆಯದಲ್ಲ ಎಂದ. ನಾದಿನಿ ಅಳುತ್ತಲೇ ನಕ್ಕಳು.

ಕೋರ್ಟಿನ ದಿನ ಬಂತು. ಯಜಮಾನ ಜಗಲಿಯಲ್ಲಿ ಆಡಿದ ಮಾತು ಅಷ್ಟರಲ್ಲಿ ಲಾಂಡ್ರಿಯ ಮೂಲೆ ಮೂಲೆಗೂ ಮುಟ್ಟಿತ್ತು. ಅವನೇ ಒಪ್ಪಿಕೊಂಡ ಮೇಲೆ ನಾವು ಯಾಕೆ ಮುಚ್ಚಿಕೊಳ್ಳಬೇಕು ಎಂದು ರೋಲರಿನ ಹೆಂಗಸರು ನಾಲ್ಕು ಜನ ರಜೆ ಹಾಕಿ ಬಂದರು. ಕೋರ್ಟ್ ಹಾಲಿನ ಹೊರಗಿನ ಪಡಸಾಲೆಯಲ್ಲಿ ಇರುವುದು ಒಂದೇ ಬೆಂಚು. ನಾನು, ನಾದಿನಿ, ಆ ನಾಲ್ವರು, ಆರು ಜನ ಕೂತರೆ ಅದು ಭರ್ತಿ. ಬೆಳಿಗ್ಗೆ ಬೇಗ ಹೋಗಿ ಕೂತಿದ್ದೆವು.

ಹನ್ನೊಂದು ಗಂಟೆಗೆ ಅವನು ವಕೀಲರ ಜೊತೆ ಬಂದ. ವಕೀಲರು ಒಳಗೆ ಹೋದರು. ಅವನು ಪಡಸಾಲೆಯಲ್ಲಿ ಉಳಿದ. ಬೆಂಚಿನ ಹತ್ತಿರ ಬಂದು ನಿಂತು ನಮ್ಮ ಕಡೆ ನೋಡಿದ. ಎದ್ದು ಜಾಗ ಬಿಡಿ ಎಂದು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ತುದಿಯಲ್ಲಿ ಕೂತಿದ್ದವಳು ಇಪ್ಪತ್ತು ವರ್ಷದಿಂದ ಅವನ ನೆರಳು ಕಂಡರೆ ಎದ್ದು ನಿಂತವಳು. ಅವಳ ಕೈ ತಾನಾಗಿ ಸೆರಗು ಸರಿಮಾಡಿಕೊಂಡಿತು, ಮೊಣಕಾಲು ನೆಟ್ಟಗಾಯಿತು, ಮೈ ಬೆಂಚಿನಿಂದ ಎದ್ದಿತು.

ನಾನು ನನ್ನ ಬಲಗೈಯನ್ನು ಅವಳ ತೊಡೆಯ ಮೇಲಿಟ್ಟು ಒತ್ತಿದೆ.

"ಕೂತ್ಕೋ."

ಅವಳು ಕೂತಳು. ಅವನು ಗೋಡೆಗೆ ಒರಗಿಕೊಳ್ಳಲು ನೋಡಿದ. ಗೋಡೆಗೆ ಹಳದಿ ಸುಣ್ಣ ಹೊಡೆದಿದ್ದರು, ಬಿಳಿ ಅಂಗಿಗೆ ಹತ್ತುತ್ತದೆ ಎಂದು ಒರಗಲಿಲ್ಲ. ಅವನ ಹೆಸರು ಕೂಗುವಾಗ ಮಧ್ಯಾಹ್ನ ಒಂದೂವರೆ ಗಂಟೆಯಾಗಿತ್ತು. ಅಲ್ಲಿಯವರೆಗೂ ಅವನು ನಿಂತೇ ಇದ್ದ, ನಾವು ಕೂತೇ ಇದ್ದೆವು.